ಮಲ್ಪೆಯ ದ್ವೀಪ, ಕೋಡಿಬೆಂಗ್ರೆ, ಪಡುಬಿದ್ರಿ: ನೆಂಟರನ್ನು ಎಲ್ಲಿಗೆ ಕರ್ಕೊಂಡು ಹೋಗೋದು?

ನಮ್ಮ ಮನೆ ಉಡುಪಿಯ ಸಂತೆಕಟ್ಟೆಯಲ್ಲಿ. ಡಿಸೆಂಬರ್ ಬಂತೆಂದರೆ ಘಟ್ಟದ ಮೇಲಿನ ನೆಂಟರೆಲ್ಲ ಇಲ್ಲಿಗೇ. ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ, "ಬೀಚಿಗೆ ಯಾವಾಗ?" ಕಳೆದ ಸಲ ಒಂದೇ ತಿಂಗಳಲ್ಲಿ ಮೂರು ತಂಡ ಬಂತು. ಶಿವಮೊಗ್ಗದಿಂದ ಭಾವನ ಸಂಸಾರ, ಇಬ್ಬರು ಮಕ್ಕಳ ಸಮೇತ. ಆಮೇಲೆ ಮೊಣಕಾಲು ನೋವಿನ ಮೈಸೂರಿನ ಚಿಕ್ಕಮ್ಮ. ಕೊನೆಗೆ ತಮ್ಮನ ಬೆಂಗಳೂರಿನ ಆಫೀಸಿನ ನಾಲ್ಕು ಹುಡುಗರು. ಎಲ್ಲರಿಗೂ ಒಂದೇ ಜಾಗ ತೋರಿಸಿ ಕಳಿಸುವುದಕ್ಕೆ ಬೇಜಾರಾಗಿ ಬೇರೆ ಬೇರೆ ಕಡೆ ಕರೆದುಕೊಂಡು ಹೋದೆ. ಎಲ್ಲಿ ಏನಾಯ್ತು ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಈಗ ಯಾವ ಬೀಚಿಗೆ ಹೋದರೂ ಮೊದಲು ಕಡಲಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ನಳ್ಳಿ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ, ನೆರಳು ಎಲ್ಲಿದೆ. ಕಡಲು ನಮ್ಮ ಕರಾವಳಿಯಲ್ಲಿ ಎಲ್ಲಿ ನಿಂತರೂ ಚಂದವೇ. ಆದರೆ ಮೈಯೆಲ್ಲ ಉಪ್ಪು, ಚಡ್ಡಿ ತುಂಬ ಮರಳು ಇರುವ ಆರು ವರ್ಷದ ಹುಡುಗ ಕಾರಿನ ಹಿಂದಿನ ಸೀಟಲ್ಲಿ ಕೂತು ಅಳುವಾಗ ಸೂರ್ಯಾಸ್ತದ ಫೋಟೋ ಯಾರ ಉಪಯೋಗಕ್ಕೂ ಬರುವುದಿಲ್ಲ.

ಭಾವನವರಿಗೆ ದ್ವೀಪವೇ ಬೇಕಿತ್ತು. ಸೇಂಟ್ ಮೇರೀಸ್. ನಮ್ಮ ಕಡೆ ಹಳಬರು ತೋನ್ಸೆಪಾರ್ ಅನ್ನುತ್ತಾರೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಬೇಕು, ಸುಮಾರು ಅರ್ಧ ಗಂಟೆ. ದೋಣಿ ತುಂಬುವವರೆಗೆ ಹೊರಡುವುದಿಲ್ಲ, ಹಾಗಾಗಿ ವಾರದ ನಡುವೆ ಹೋದರೆ ಕಾಯಬೇಕು, ಭಾನುವಾರ ಹೋದರೆ ಸಾಲಿನಲ್ಲಿ ನಿಲ್ಲಬೇಕು. ಎರಡರಲ್ಲಿ ಯಾವುದು ಕಷ್ಟ ಅಂತ ನೀವೇ ನೋಡಿಕೊಳ್ಳಿ. ನಾವು ಭಾನುವಾರ ಹೋಗಿ ಸಾಲಿನಲ್ಲೇ ಒಂದು ಗಂಟೆ ನಿಂತೆವು. ಆರು ಜನರ ಟಿಕೆಟಿನ ದುಡ್ಡಲ್ಲಿ ಅಂಜಲ್ ಮೀನಿನ ಫ್ರೈ ಸಮೇತ ಒಳ್ಳೆ ಊಟ ಆಗುತ್ತಿತ್ತು ಅಂತ ಅಕ್ಕ ದಾರಿಯುದ್ದಕ್ಕೂ ಗೊಣಗಿದಳು.

ಆದರೆ ಅಲ್ಲಿನ ಕಲ್ಲು ನೋಡಿದ ಮೇಲೆ ಅಕ್ಕನೂ ಸುಮ್ಮನಾದಳು. ಕಂಬಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸಿದ ಹಾಗೆ ಕಲ್ಲುಗಳು ನಿಂತಿವೆ. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು, ಏಳು. ಯಾರೋ ಶಿಲ್ಪಿ ಕಡಿದಿಟ್ಟ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ನಮ್ಮ ಗದ್ದೆಯ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಇದೂ ಅದೇ ತರ. ಲಾವಾ ಆರುತ್ತಾ ಕುಗ್ಗಿದಾಗ ಬಿರುಕು ಬಿಟ್ಟು, ಆ ಬಿರುಕು ಕೆಳಗಿನವರೆಗೂ ಇಳಿದು ಕಂಬಗಳಾಗಿವೆ. ಇದು ಆಗಿದ್ದು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಇನ್ನೂ ನಮ್ಮ ಪಶ್ಚಿಮ ಕರಾವಳಿಯಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ಇದನ್ನು ಭಾವನ ಮಗಳಿಗೆ ಹೇಳಿದಾಗ ಅವಳು ಪಡುವಣಕ್ಕೆ ಕೈ ತೋರಿಸಿ, "ಹಾಗಾದ್ರೆ ಆಚೆ ಕಡೆಯೂ ಇದೇ ಕಲ್ಲು ಇದ್ಯಾ ಮಾಮ?" ಅಂದಳು. ಅದೇ ಕಾಲದ ಲಾವಾ ಅಲ್ಲೂ ಉಂಟು. ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ಟಿಕೆಟ್ ದುಡ್ಡು ವಸೂಲಾಯಿತು ಅನ್ನಿಸುತ್ತದೆ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟ ಅಂತ ಹೇಳುತ್ತಾರೆ. ಆ ಕಥೆಗೆ ಮಕ್ಕಳು ಆಕಳಿಸಿದರು.

ಇನ್ನು ದ್ವೀಪದ ಕಷ್ಟಗಳು. ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ. ನೋಡಲು ಚಂದ, ಬರಿಗಾಲಲ್ಲಿ ನಡೆದರೆ ಗೊತ್ತಾಗುತ್ತದೆ. ಸ್ನಾನಕ್ಕೆ ಇದು ಜಾಗ ಅಲ್ಲವೇ ಅಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೆ ಸೆಲ್ಫಿಗೆ ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಕಾವಲಿನವರು ಸೀಟಿ ಊದಿದರೆ ಜಗಳ ಮಾಡಬೇಡಿ, ಹಿಂದೆ ಬನ್ನಿ. ಮನೆ ಇಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ. ತೆಂಗಿನ ಮರದ ನೆರಳು ಎಷ್ಟು ಅಂತ ಎಲ್ಲರಿಗೂ ಗೊತ್ತು. ಹನ್ನೊಂದು ಗಂಟೆ ಮೇಲೆ ಕಲ್ಲು ಕಾದು ಹಂಚಾಗುತ್ತದೆ. ಮಳೆಗಾಲದಲ್ಲಿ ದೋಣಿಯೇ ಇಲ್ಲ. ಬೆಳಿಗ್ಗಿನ ಮೊದಲ ದೋಣಿ ಹಿಡಿಯಿರಿ, ಒಂದೂವರೆ ಗಂಟೆ ಕಲ್ಲು ನೋಡಿ, ವಾಪಸ್ ಬನ್ನಿ.

ಮಲ್ಪೆ ಬೀಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉಡುಪಿ ಬಸ್ ಸ್ಟ್ಯಾಂಡಿನಿಂದ ಆರು ಕಿಲೋಮೀಟರ್, ಸಿಟಿ ಬಸ್ಸು ಒಂದರ ಹಿಂದೆ ಒಂದು. ಚರುಮುರಿ, ಗೋಳಿಬಜೆ, ಒಂಟೆ, ಜೆಟ್ ಸ್ಕೀ, ಎಲ್ಲ ಉಂಟು. ಬೇಕಾದ ಒಂದು ಮಾತ್ರ ಇಲ್ಲ, ನಿಶ್ಶಬ್ದ. ಸಿಹಿನೀರಿನ ಸ್ನಾನಕ್ಕೆ ತಗಡಿನ ಶೆಡ್ಡಿನಲ್ಲಿ ದುಡ್ಡು ಕೊಟ್ಟು ಬಕೆಟ್ ತಗೊಂಡೆವು. ಒಂದು ಬಕೆಟಿನಲ್ಲಿ ಇಬ್ಬರು ಮಕ್ಕಳು, ಮೊದಲು ಮಿಂದವಳು ಭಾವನ ಮಗಳು, ಆಮೇಲೆ ಅವಳ ತಮ್ಮನಿಗೆ ಉಳಿದದ್ದು ಎರಡು ಚೊಂಬು ನೀರು, ಅದರಲ್ಲೂ ಮರಳು. 2022ರ ಮೇ ತಿಂಗಳಲ್ಲಿ ಇಲ್ಲಿ ತೇಲುವ ಸೇತುವೆ ಅಂತ ಒಂದು ಮಾಡಿದ್ದರು. ಉದ್ಘಾಟನೆಯಾಗಿ ಕೆಲವೇ ದಿನದಲ್ಲಿ ಅಲೆಗೆ ಕಳಚಿಕೊಂಡಿತು. ಮೇ ತಿಂಗಳ ಕಡಲು ಹೇಗಿರುತ್ತದೆ ಅಂತ ಪಕ್ಕದ ಬಂದರಿನಲ್ಲಿ ಮೀನು ಹಿಡಿಯುವ ಯಾವ ಮೊಗವೀರರನ್ನು ಕೇಳಿದ್ದರೂ ಹೇಳುತ್ತಿದ್ದರು.

ಚಿಕ್ಕಮ್ಮನನ್ನು ಕರೆದುಕೊಂಡು ಹೋದದ್ದು ಪಡುಬಿದ್ರಿಗೆ. ಇಲ್ಲಿ ಎರಡು ಬೀಚ್ ಇದೆ, ಮ್ಯಾಪ್ ನಂಬಿದರೆ ಎಡವುತ್ತೀರಿ. ನಾವೂ ಎಡವಿದೆವು. ನಿಮಗೆ ಬೇಕಾದದ್ದು ಎಂಡ್ ಪಾಯಿಂಟ್. ಕಾಮಿನಿ ಹೊಳೆ ಕಡಲು ಸೇರುವ ಕಡೆ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತಲ್ಲ, ನಮ್ಮ ರಾಜ್ಯದಿಂದ ಹೊನ್ನಾವರದ ಕಾಸರಕೋಡು ಮತ್ತೆ ಇದು. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಗುರುತು ಅದು. ನೀರಿನ ಗುಣಮಟ್ಟ, ಶೌಚಾಲಯ, ಜೀವರಕ್ಷಕರು, ಕಸ, ಹೀಗೆ 33 ಅಂಶ ನೋಡುತ್ತಾರೆ.

ನಾನು ಸ್ವಲ್ಪ ಅನುಮಾನದಿಂದಲೇ ಹೋಗಿದ್ದೆ. ಬಾವುಟ ಹಾರಿಸಿದರೆ ಕಡಲು ಬದಲಾಗುತ್ತದಾ? ಕಡಲು ಬದಲಾಗಿರಲಿಲ್ಲ, ಕಡಲಿಗೆ ಬೆನ್ನು ಹಾಕಿದರೆ ಕಾಣುವುದು ಬದಲಾಗಿತ್ತು. ಒಳಗೆ ಹೋಗಲು ಟಿಕೆಟ್ ಉಂಟು. ಆದರೆ ಟಾಯ್ಲೆಟಿನ ನೆಲ ಒಣಗಿತ್ತು. ನಮ್ಮಲ್ಲಿ ಇದೇ ದೊಡ್ಡ ಸುದ್ದಿ. ಮೀಯಲು ಶವರ್, ಬಟ್ಟೆ ಬದಲಿಸಲು ಬಾಗಿಲಿಗೆ ಚಿಲಕ ಇರುವ ಕೋಣೆ, ಕೂರಲು ನೆರಳು. ಈಜಲು ಬಿಡುವ ಜಾಗಕ್ಕೆ ಗಡಿ ಹಾಕಿದ್ದಾರೆ, ಅದರಾಚೆ ಹೋದರೆ ಸೀಟಿ. ಚಿಕ್ಕಮ್ಮ ನೀರಿಗೆ ಇಳಿಯುವುದಿಲ್ಲ ಅಂತ ಹಟ ಹಿಡಿದು ಬಂದವರು. ಕೊನೆಗೆ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ಇಪ್ಪತ್ತು ನಿಮಿಷ ನಿಂತರು. ಪ್ರತಿ ಅಲೆ ವಾಪಸ್ ಹೋಗುವಾಗಲೂ ಪಾದದಡಿಯ ಮರಳು ಜಾರಿ, "ಏ, ಎಳೀತದೆ ಕಣೋ" ಅಂತ ನನ್ನ ತೋಳು ಹಿಡಿಯುವುದು, ಮತ್ತೆ ನಗುವುದು. ಕಾಲು ತೊಳೆದುಕೊಳ್ಳಲು ಅಲ್ಲೇ ನೀರಿತ್ತು. ಕಾರಿಗೆ ಮರಳು ಬರಲಿಲ್ಲ.

ಬೇಜಾರು ಏನೆಂದರೆ, ಅದು ಪಾರ್ಕಿನ ತರ. ಗಡಿಯಾರ ನೋಡಿ ಹೊರಡಬೇಕು. ಅದರ ಗಡಿಯ ಹೊರಗೆ ಅರ್ಧ ಕಿಲೋಮೀಟರ್ ನಡೆದರೆ ಮತ್ತೆ ಪ್ಲಾಸ್ಟಿಕ್ ಬಾಟಲಿ, ಹರಿದ ಬಲೆ. ಬಾವುಟದ ಗಾಳಿ ಅಲ್ಲಿಯವರೆಗೆ ಬೀಸಿಲ್ಲ. ತಿನ್ನಲು ಹೇಳಿಕೊಳ್ಳುವಂಥದ್ದು ಸಿಗಲಿಲ್ಲ, ಊಟಕ್ಕೆ ಹೆದ್ದಾರಿಗೇ ಬಂದೆವು. ಬರುವಾಗ ಕಾಪುವಿನಲ್ಲಿ ನಿಲ್ಲಿಸಿ 1901ರ ದೀಪಸ್ತಂಭ ತೋರಿಸಿದೆ. ಕೆಳಗಿನಿಂದಲೇ. ಆ ಮೆಟ್ಟಿಲು ಚಿಕ್ಕಮ್ಮನ ಮೊಣಕಾಲಿಗೆ ಆಗುವಂಥದ್ದಲ್ಲ.

ಈಗ ಕೋಡಿಬೆಂಗ್ರೆ. ಇದು ನನ್ನ ಜಾಗ, ಹಾಗಾಗಿ ಪಕ್ಷಪಾತ ಇದ್ದೇ ಇರುತ್ತದೆ. ಕೆಮ್ಮಣ್ಣು ದಾಟಿ ಹೂಡೆಗೆ ಬಂದು ಬಡಗಕ್ಕೆ ತಿರುಗಿದರೆ ರಸ್ತೆ ಸಪೂರ ಆಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ಸಾಲು ಮನೆ, ತೆಂಗು, ಒಣಹಾಕಿದ ಮೀನು. ಕೊನೆಯಲ್ಲಿ ಅಳಿವೆ. ಸೀತಾ ಮತ್ತು ಸುವರ್ಣಾ ಹೊಳೆಗಳು ಒಟ್ಟಾಗಿ ಕಡಲಿಗೆ ಸೇರುವ ಜಾಗ. ಹೊರಗಿನವರು ಡೆಲ್ಟಾ ಬೀಚ್ ಅನ್ನುತ್ತಾರೆ. ಈಚೆಗೆ ಹೋಂಸ್ಟೇ ಬೋರ್ಡುಗಳು ಒಂದೊಂದಾಗಿ ಏಳುತ್ತಿವೆ, ಕಯಾಕ್ ಬಂದಿದೆ, ಡ್ರೋನ್ ಹಿಡಿದ ಹುಡುಗರು ಬಂದಿದ್ದಾರೆ.

ತಮ್ಮನ ಗೆಳೆಯರು ಇಲ್ಲಿ ಎರಡು ರಾತ್ರಿ ಉಳಿದರು. ಬುಕ್ ಮಾಡಿದ ಹೋಂಸ್ಟೇಯ ಫೋಟೋದಲ್ಲಿ ಒಂದೇ ಕಿಟಕಿಯಿಂದ ಕಡಲೂ ಹೊಳೆಯೂ ಕಾಣುತ್ತಿತ್ತು. ಹೋಗಿ ನೋಡಿದರೆ ಅದು ಡ್ರೋನ್ ಫೋಟೋ. ಕಿಟಕಿಯಿಂದ ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕ್. ರಾತ್ರಿ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಸೊಳ್ಳೆ ಬಂತು. ನಳ್ಳಿಯ ನೀರು ಸ್ವಲ್ಪ ಉಪ್ಪು. ಇದಕ್ಕೆ ಹೋಂಸ್ಟೇಯವರನ್ನು ಬೈದು ಫಲ ಇಲ್ಲ. ಎರಡೂ ಕಡೆ ಉಪ್ಪುನೀರು ಇರುವ ಮರಳಿನ ಪಟ್ಟಿಯಲ್ಲಿ ಬಾವಿ ತೋಡಿದರೆ ಸಿಹಿನೀರಿನ ತೆಳು ಪದರ ಮೇಲೆ ತೇಲುತ್ತಿರುತ್ತದೆ. ಪಂಪ್ ಹಾಕಿ ಜಾಸ್ತಿ ಎಳೆದಷ್ಟೂ ಅಡಿಯಿಂದ ಉಪ್ಪು ಮೇಲೆ ಬರುತ್ತದೆ. ಒಂದು ಮನೆಗೆ ಸಾಕಾಗುತ್ತಿದ್ದ ಬಾವಿಗೆ ನಾಲ್ಕು ರೂಮು, ನಾಲ್ಕು ಶವರ್ ಜೋಡಿಸಿದರೆ ಇನ್ನೇನಾಗುತ್ತದೆ?

ಆದರೆ ಬೆಳಿಗ್ಗೆ ಆರೂವರೆಗೆ ನಾನು ಅಲ್ಲಿ ತಲುಪಿದಾಗ ನಾಲ್ವರೂ ಹೊಳೆಯ ಬದಿಯಲ್ಲಿ ಸುಮ್ನೆ ಕೂತಿದ್ದರು. ಇಳಿತದ ಹೊತ್ತು. ಸೊಂಟದವರೆಗಿನ ನೀರಿನಲ್ಲಿ ಒಬ್ಬರು ಅಮ್ಮ ಮರುವಾಯಿ, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುತ್ತಿದ್ದರು. ಕಾಲಿನಿಂದ ಕೆಸರು ತಡವುವುದು, ಏನೋ ತಾಗಿದರೆ ಬಗ್ಗುವುದು, ಹಿಂದೆ ಹಗ್ಗ ಕಟ್ಟಿ ತೇಲಿಬಿಟ್ಟ ಅಲ್ಯೂಮಿನಿಯಂ ಪಾತ್ರೆಗೆ ಟಣ್ ಅಂತ ಹಾಕುವುದು. ತಮ್ಮನ ಗೆಳೆಯ ನಾನೂ ಹೆಕ್ಕುತ್ತೇನೆ ಅಂತ ಇಳಿದ. ಅರ್ಧ ಗಂಟೆಯಲ್ಲಿ ಅವನಿಗೆ ಸಿಕ್ಕಿದ್ದು ಏಳು. ಅದರಲ್ಲಿ ಎರಡು ಖಾಲಿ ಚಿಪ್ಪು. ಅಮ್ಮ ಅದನ್ನು ನೋಡಿ, "ಎಂತ ಮಾರಾಯ, ಇದು ಪಲ್ಯಕ್ಕೂ ಸಾಲ್ದು, ರುಚಿ ನೋಡ್ಲಿಕ್ಕೂ ಸಾಲ್ದು" ಅಂದು ತನ್ನ ಪಾತ್ರೆಯಿಂದ ಎರಡು ಬೊಗಸೆ ಹಾಕಿದರು. ದುಡ್ಡು ಕೊಟ್ಟರೆ ತಗೊಂಡರು, ತಗೊಳ್ಳಲೇಬೇಕು, ಅವರ ದುಡಿಮೆ ಅಲ್ವಾ. ಮನೆಗೆ ತಂದು ಸುಕ್ಕ ಮಾಡಿ ನೀರ್ ದೋಸೆ ಹಾಕಿದೆವು. ಬೆಂಗಳೂರಿಗೆ ಹೋದ ಮೇಲೂ ಅವರು ಫೋನಿನಲ್ಲಿ ಮಾತಾಡುವುದು ಅದೊಂದೇ ವಿಷಯ.

ಅಳಿವೆಯ ತುದಿಯಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. ಮೇಲಿನಿಂದ ನೋಡಿದರೆ ನೀರು ಕನ್ನಡಿಯ ಹಾಗೆ ಇರುತ್ತದೆ, ಇಳಿತ ಶುರುವಾದರೆ ಎರಡು ಹೊಳೆಯ ನೀರೂ ಒಟ್ಟಿಗೆ ಕಡಲಿಗೆ ಎಳೆಯುತ್ತದೆ. ಈಜು ಬರುತ್ತದೆ ಅನ್ನುವವರಿಗೇ ಇಲ್ಲಿ ಅಪಾಯ ಜಾಸ್ತಿ.

ಸಸಿಹಿತ್ಲು ಬೇರೆಯೇ ಲೆಕ್ಕ. ಹಳೆಯಂಗಡಿಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ಹೋಗಬೇಕು, ಮಂಗಳೂರಿನವರಿಗೆ ಹತ್ತಿರ. ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಕಡೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಇಲ್ಲೇ ನಡೆದದ್ದು. ಆ ನಾಲ್ವರ ಜೊತೆ ನಾನೂ ಒಂದು ಪಾಠಕ್ಕೆ ಸೇರಿದೆ. ಬೋರ್ಡಿನ ಮೇಲೆ ಎರಡು ಸಲ ನಿಂತೆ, ಹದಿನೆಂಟು ಸಲ ಬಿದ್ದೆ, ಎದೆಯ ಚರ್ಮ ಉಜ್ಜಿ ಹೋಗಿ ಮೂರು ದಿನ ಬನಿಯನ್ ಹಾಕಲು ಆಗಲಿಲ್ಲ. ಕಲಿಯುವವರಿಗೆ ಡಿಸೆಂಬರಿನ ಸಣ್ಣ ಅಲೆ ಸಾಕು. ಮೇ ತಿಂಗಳ ಅಲೆ ಏನಿದ್ದರೂ ಸರ್ಫಿಂಗ್ ಗೊತ್ತಿದ್ದವರಿಗೆ. ಸರ್ಫಿಂಗ್ ಬೇಡ ಅಂದರೆ ಇಷ್ಟು ದೂರ ಹೋಗಬೇಕಾಗಿಲ್ಲ.

ಹಾಗಾಗಿ ಮುಂದಿನ ಡಿಸೆಂಬರಿಗೆ ನನ್ನ ಲೆಕ್ಕ ಹೀಗೆ. ಸಣ್ಣ ಮಕ್ಕಳು, ವಯಸ್ಸಾದವರು ಬಂದರೆ ಕಣ್ಣು ಮುಚ್ಚಿ ಪಡುಬಿದ್ರಿ. ಶಾಲೆಗೆ ಹೋಗುವ, ಪ್ರಶ್ನೆ ಕೇಳುವ ಮಕ್ಕಳಾದರೆ ದ್ವೀಪ, ಭಾನುವಾರ ಬಿಟ್ಟು. ಒಂದೇ ಸಂಜೆ ಇರುವವರಿಗೆ ಮಲ್ಪೆ. ಕೋಡಿಬೆಂಗ್ರೆಗೆ ಬೆಳಿಗ್ಗೆ ಹೋಗಿ, ರಾತ್ರಿ ಉಡುಪಿಯಲ್ಲೇ ಉಳಿಯಿರಿ. ಸ್ನಾನದ ನೀರು ಮನೆಯದ್ದೇ ಇರಲಿ, ಅಲ್ಲಿನ ಬಾವಿಗೂ ಉಪಕಾರ. ಬೈಕಿನಲ್ಲಿ ಬಂದವರು ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ. ಅಳಿವೆಯ ಹತ್ತಿರ ಹಂಗಾರಕಟ್ಟೆಗೆ ಬಾರ್ಜ್ ಉಂಟು, ಬೈಕು ಸಮೇತ ದಾಟಿಸುತ್ತಾರೆ. ಹೊಳೆಯ ನಡುವೆ ಬಂದಾಗ ಹಿಂದೆ ತಿರುಗಿ ನೋಡಿ, ಕೋಡಿಬೆಂಗ್ರೆ ಎಷ್ಟು ಸಪೂರ ಅಂತ ಅಲ್ಲಿಂದಲೇ ಸರಿಯಾಗಿ ಕಾಣುವುದು.