‘ಫುಲ್ ಸ್ಟುಡಿಯೋ ಕಿಟ್’ ಅಂತ ಮಾರುತ್ತಾರೆ, ದಯವಿಟ್ಟು ತಗೋಬೇಡಿ

ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡಬೇಕು ಅಂತ ಇರುವವರು ಇದನ್ನು ಪೂರ್ತಿ ಓದಿ. ಐದು ತಿಂಗಳು ಕೂಡಿಟ್ಟ ದುಡ್ಡು ಕಳೆದುಕೊಂಡು ಬರೆಯುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಹೇಳುವುದು ಹಿಂದುಮುಂದಾದರೆ ಹೊಂದಿಸಿಕೊಳ್ಳಿ.

ಆನ್‌ಲೈನ್‌ನಲ್ಲಿ ಒಬ್ಬ ಈ ಕಿಟ್ ಹಾಕಿದ್ದ. ದೊಡ್ಡ ಕಂಡೆನ್ಸರ್ ಮೈಕ್ (ಸ್ಟುಡಿಯೋದಲ್ಲಿ ಇಡುವ ಸೂಕ್ಷ್ಮ ಮೈಕ್), ಸ್ಟ್ಯಾಂಡ್, ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್, ಬೆರಳುದ್ದದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್. ಜೊತೆಗೆ ಒಂದು ಸ್ಯಾಂಪಲ್ ರೆಕಾರ್ಡಿಂಗ್. ಒಬ್ಬ ಹುಡುಗಿ ಮೆಲ್ಲಗೆ ಹಾಡುತ್ತಾಳೆ. ಸಾಲು ಶುರು ಮಾಡುವ ಮುಂಚೆ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ, ಹಿಂದೆ ಒಂಚೂರೂ ಸದ್ದಿಲ್ಲ. ಅದನ್ನು ಕೇಳಿಯೇ ನಾನು ಬಿದ್ದಿದ್ದು.

ಇಂಥ ಕಂಡೆನ್ಸರ್ ಮೈಕ್‌ಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ಹೋಗುವ ಕರೆಂಟ್, ಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ, ಅದೇ ಹೊಟ್ಟೆ ಉರಿಯುವುದು. ಕೊಳ್ಳುವ ಮುಂಚೆ ಕೇಳಿದೆ ಕೂಡ. “ಸರ್, ಅದೆಲ್ಲ ಹಳೇ ಮೈಕ್‌ಗಳಿಗೆ. ಇದು ಹೊಸ ಮಾಡೆಲ್, ಲ್ಯಾಪ್‌ಟಾಪ್‌ಗೆ ಚುಚ್ಚಿದ್ರೆ ಸಾಕು” ಎಂದ. ನಂಬಿದೆ.

ಬಂತು. ಕೈಯಲ್ಲಿ ಹಿಡಿದರೆ ಭಾರವಾಗಿತ್ತು, ಒಳ್ಳೇ ಮಾಲು ಅಂದುಕೊಂಡೆ. ಅವತ್ತೇ ತಂಗಿಯನ್ನು ಕೂರಿಸಿ ಹಾಡಿಸಿದೆ. ಪರದೆ ಮೇಲೆ ಗೆರೆ ಅಲುಗಾಡಲೇ ಇಲ್ಲ. ಗೇನ್ (ಮೈಕ್ ದನಿ ಏರಿಸುವ ಮಟ್ಟ) ಜಾಸ್ತಿ ಮಾಡಿದೆ. ದನಿ ಏನೋ ಬಂತು, ಆದರೆ ಅದರ ಹಿಂದೆಯೇ ಸುಂಯ್ ಅಂತ ಸದ್ದು, ಯಾರೋ ನಲ್ಲಿ ಬಿಟ್ಟು ಮರೆತ ಹಾಗೆ. ಹೆಡ್‌ಫೋನ್‌ನಲ್ಲಿ ಅವಳ ದನಿ ಅವಳಿಗೇ ಲೇಟಾಗಿ ಕೇಳಿಸುತ್ತಿತ್ತು, ತಾಳ ತಪ್ಪುತ್ತಿತ್ತು. ಹದಿನಾಲ್ಕು ಸಲ ಹಾಡಿಸಿದೆ. “ಹತ್ರ ನಿಂತು ಹಾಡು, ಗಟ್ಟಿಯಾಗಿ ಹಾಡು, ತಾಳ ನೋಡ್ಕೋ” ಅಂತ ಬೈದೆ. ಅವಳು ಕೊನೆಗೆ “ನನ್ನ ದನಿನೇ ಸರಿ ಇಲ್ಲ ಬಿಡಣ್ಣ” ಎಂದು ಎದ್ದು ಹೋದಳು. ದುಡ್ಡಿಗಿಂತ ಇದೇ ನನ್ನನ್ನು ಜಾಸ್ತಿ ಸುಡುತ್ತಿದೆ.

ಈಗ ಅವನ ಉತ್ತರಗಳನ್ನು ಕೇಳಿ.

ಮೊದಲನೇ ದಿನ: “ಡ್ರೈವರ್ ಹಾಕಿ ಸರ್.” ಹಾಕಿದೆ. ಏನೂ ಆಗಲಿಲ್ಲ. ಎರಡನೇ ದಿನ: “ನಿಮ್ಮ ಲ್ಯಾಪ್‌ಟಾಪ್ ಪ್ರಾಬ್ಲಂ, ರ‍್ಯಾಮ್ ಜಾಸ್ತಿ ಮಾಡಿಸಿ.” ದನಿ ತಡವಾಗುವುದಕ್ಕೆ ಮುಖ್ಯ ಕಾರಣ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಂಡು) ಮತ್ತು ಡ್ರೈವರ್ ಎಂದು ಆಮೇಲೆ ತಿಳಿಯಿತು. 44,100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ದನಿಯನ್ನು 44,100 ಸಲ ಅಳೆಯುವಾಗ, 1024 ಅಳತೆಗಳ ಬಫರ್ ಇಟ್ಟರೆ ಅಲ್ಲೇ ಸುಮಾರು 23 ಮಿಲಿಸೆಕೆಂಡ್ ಹೋಗುತ್ತದೆ, ಅದೂ ಒಂದೇ ದಿಕ್ಕಿಗೆ. 128ಕ್ಕೆ ಇಳಿಸಿದರೆ 3ರ ಹತ್ತಿರ ಬರುತ್ತದೆ. ಆದರೆ ಆ ಸೌಂಡ್ ಕಾರ್ಡ್‌ಗೆ ದನಿ ತಡವಾಗದಂತೆ ನೋಡಿಕೊಳ್ಳುವ ಸರಿಯಾದ ಏಸಿಯೋ (ASIO) ಡ್ರೈವರ್ರೇ ಇಲ್ಲ. 128ಕ್ಕೆ ಇಳಿಸಿದ ತಕ್ಷಣ ದನಿ ಚಟಪಟ ಅಂತ ಒಡೆಯಿತು.

ನಾಲ್ಕನೇ ದಿನ: “ರೂಮ್ ಸರಿ ಇಲ್ಲ ಸರ್, ಫೋಮ್ ಹಾಕಿ. ನಮ್ಮಲ್ಲೇ ಇದೆ.” ಹೇಳಲು ನಾಚಿಕೆ, ಅದನ್ನೂ ಅವನ ಹತ್ತಿರವೇ ತಗೊಂಡೆ. ಹನ್ನೆರಡು ತುಂಡು ಗೋಡೆಗೆ ಅಂಟಿಸಿದೆ. ಸುಂಯ್ ಅನ್ನುವುದು ಹಾಗೇ ಇತ್ತು. ಇರದೆ ಏನು? ಫೋಮ್ ಕೋಣೆಯ ಮಾರ್ದನಿ ಕಮ್ಮಿ ಮಾಡುತ್ತದೆ ಅಷ್ಟೇ. ಸೌಂಡ್ ಕಾರ್ಡ್ ಒಳಗಿಂದ ಬರುವ ಸದ್ದಿಗೂ ಗೋಡೆಗೂ ಏನು ಸಂಬಂಧ?

ಇಷ್ಟರಲ್ಲಿ ಏಳು ದಿನ ಮುಗಿಯಿತು. ವಾಪಸ್ ಮಾಡಲು ಇದ್ದದ್ದೇ ಏಳು ದಿನ. ಎಂಟನೇ ದಿನದಿಂದ ಅವನ ಉತ್ತರ ಬರುವುದು ನಿಂತಿತು. ಆಗ ಹೊಳೆಯಿತು ನನಗೆ. ಡ್ರೈವರ್, ರ‍್ಯಾಮ್, ಫೋಮ್, ಎಲ್ಲ ಆ ಏಳು ದಿನ ತಳ್ಳುವುದಕ್ಕೆ!

ಆ ರಾತ್ರಿ ಮೈಕ್ ಬಿಚ್ಚಿದೆ. ಕೆಳಗಿನ ರಿಂಗ್ ತಿರುಗಿಸಿದರೆ ಹೊರಗಿನ ಕೊಳವೆ ಜಾರಿ ಬರುತ್ತದೆ. ದೊಡ್ಡ ಕಂಡೆನ್ಸರ್ ಅಂದರೆ ಸುಮಾರು ಒಂದು ಇಂಚು ಅಗಲದ ಡಯಾಫ್ರಾಮ್ (ದನಿಗೆ ಅದುರುವ ತೆಳು ಪೊರೆ) ಇರಬೇಕು ಅಲ್ವಾ? ಇದರೊಳಗೆ ಅಂಗಿ ಗುಂಡಿಯಷ್ಟು ಒಂದು ಎಲೆಕ್ಟ್ರೆಟ್ (ಅಗ್ಗದ ಪುಟ್ಟ ಮೈಕ್ ತುಣುಕು), ಅದಕ್ಕೆ ಕೂದಲಿನಂಥ ಎರಡು ವೈರ್. ಉಳಿದದ್ದೆಲ್ಲ ಬರೀ ಜಾಗ. ಭಾರ ಇದ್ದದ್ದು ತಗಡಿಗೆ. ಮಲ್ಟಿಮೀಟರ್ ಇರುವ ಗೆಳೆಯನನ್ನು ಕರೆದು ಕೇಬಲ್‌ನ ಮೈಕ್‌ಗೆ ಚುಚ್ಚುವ ತುದಿಯಲ್ಲಿ ಅಳೆಸಿದೆ. 48 ವೋಲ್ಟ್ ಇರಬೇಕಾದ ಕಡೆ 3 ಕೂಡ ಇರಲಿಲ್ಲ. ಎಲೆಕ್ಟ್ರೆಟ್ ಅಷ್ಟರಲ್ಲೂ ಸ್ವಲ್ಪ ಸದ್ದು ಮಾಡುತ್ತದೆ. ಮೈಕ್ ಪೂರ್ತಿ ಸತ್ತಿದ್ದರೆ ಮೊದಲ ದಿನವೇ ವಾಪಸ್ ಕಳಿಸುತ್ತಿದ್ದೆ. ಸ್ವಲ್ಪ ಸದ್ದು ಬಂದದ್ದಕ್ಕೇ ತಪ್ಪು ನನ್ನದಿರಬೇಕು ಅಂದುಕೊಂಡು ಏಳು ದಿನ ಕಳೆದೆ.

ಫೋಟೋ ತೆಗೆದು ಕಳಿಸಿದೆ. ಅದಕ್ಕೆ ಮಾತ್ರ ಐದೇ ನಿಮಿಷದಲ್ಲಿ ಉತ್ತರ ಬಂತು: “ಮೈಕ್ ಓಪನ್ ಮಾಡಿದೀರಲ್ಲ ಸರ್, ವಾರಂಟಿ ಹೋಯ್ತು.” ಹಾಗಾದರೆ ಆ ಸ್ಯಾಂಪಲ್ ಯಾವ ಮೈಕ್‌ನದು ಅಂತ ಕೇಳಿದೆ. “ಅದು ರೆಫರೆನ್ಸ್‌ಗೆ ಹಾಕಿರೋದು ಸರ್.” ರೆಫರೆನ್ಸ್ ಅಂತೆ!

ದುಡ್ಡು ಕಮ್ಮಿ ಇದ್ದರೆ ಸಾಫ್ಟ್‌ವೇರ್‌ಗೆ ಖರ್ಚು ಮಾಡಬೇಡಿ. ರೆಕಾರ್ಡ್ ಮಾಡುವ ಆಡಾಸಿಟಿ ಪೂರ್ತಿ ಉಚಿತ. ಇರುವ ದುಡ್ಡನ್ನು 48 ವೋಲ್ಟ್ ಸ್ವಿಚ್ ಇರುವ ಆಡಿಯೋ ಇಂಟರ್‌ಫೇಸ್‌ಗೆ (ಮೈಕ್ ಅನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಪೆಟ್ಟಿಗೆ) ಹಾಕಿ. ಮೈಕ್‌ಗೆ ಅಂತ ಕೈಯಲ್ಲಿ ಜಾಸ್ತಿ ಉಳಿಯದಿದ್ದರೆ ಸಾದಾ ಡೈನಾಮಿಕ್ ಮೈಕ್ ತಗೊಳ್ಳಿ, ಅದಕ್ಕೆ ಫ್ಯಾಂಟಮ್ ಪವರ್ ಬೇಕಿಲ್ಲ. ಮಾರುವವನ ಸ್ಯಾಂಪಲ್ ನಂಬಬೇಡಿ. ಅದೇ ಕಿಟ್‌ನಲ್ಲಿ ನಿಮ್ಮ ಹೆಸರು ಹೇಳಿ, ಆಮೇಲೆ ಹತ್ತು ಸೆಕೆಂಡ್ ಸುಮ್ನಿದ್ದು ರೆಕಾರ್ಡ್ ಮಾಡಿ ಕಳಿಸು ಅನ್ನಿ. ಆ ಹತ್ತು ಸೆಕೆಂಡ್‌ನಲ್ಲಿ ಸುಂಯ್ ಅನ್ನುವುದು ಕೇಳಿಸಿಬಿಡುತ್ತದೆ. ಬಂದ ದಿನ ಸರಿ ಇಲ್ಲದಿದ್ದರೆ ಅವತ್ತೇ ವಾಪಸ್ ಹಾಕಿ. ಅವನ ಜೊತೆ ಮಾತಿಗೆ ಕೂರಬೇಡಿ. ನಾನು ಕೂತೆ.

ತಂಗಿಗೆ ಮೈಕ್ ಬಿಚ್ಚಿ ತೋರಿಸಿ ತಪ್ಪಾಯಿತು ಎಂದೆ. ದೂರು ಕೊಟ್ಟಿದ್ದೇನೆ, ಮೆಸೇಜ್‌ಗಳನ್ನೆಲ್ಲ ಇಟ್ಟುಕೊಂಡಿದ್ದೇನೆ. ನಿನ್ನೆ ನೋಡಿದರೆ ಅದೇ ಸ್ಯಾಂಪಲ್ ಬೇರೆ ಹೆಸರಿನ ಕಿಟ್ ಕೆಳಗಿದೆ. ಅದೇ ಹುಡುಗಿ, ಸಾಲಿಗೆ ಮುಂಚೆ ಅದೇ ಉಸಿರು.