ಮಾಂಟ್ ಬ್ಲಾಂಕ್ ಪ್ರದಕ್ಷಿಣೆಯೋ, ಸಾಂಟಿಯಾಗೊ ದಾರಿಯೋ: ಎರಡನ್ನೂ ನಡೆದ ಮೇಲೆ

ಯೂರೋಪಿನಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು ಅನ್ನೋದು ಅಕ್ಕನದೂ ನನ್ನದೂ ಬಹಳ ದಿನದ ಆಸೆ. ಮೊದಲ ಸಲ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತ ಸುತ್ತಿದೆವು. ಆಮೇಲೊಮ್ಮೆ ಸ್ಲೊವೇನಿಯಾದಿಂದ ಇಟಲಿಗೆ ಆರು ದಿನ ನಡೆದೆವು. ಕೊನೆಗೆ ಪೋರ್ಚುಗಲ್ಲಿನ ಪೋರ್ಟೊದಿಂದ ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳ ಸಾಂಟಿಯಾಗೊ ಮುಟ್ಟಿದೆವು. ಈಗ ಯಾರಾದರೂ "ಯಾವುದಕ್ಕೆ ಹೋಗಲಿ?" ಅಂತ ಕೇಳಿದರೆ ನಾನು ಬೆಟ್ಟದ ಮಾತು ಎತ್ತುವುದಿಲ್ಲ. ರಾತ್ರಿ ಎಲ್ಲಿ ಮಲಗುತ್ತೀರಿ, ಆ ಹಾಸಿಗೆಯನ್ನು ಎಷ್ಟು ತಿಂಗಳು ಮೊದಲೇ ಹಿಡಿಯಬೇಕು ಅಂತ ಕೇಳುತ್ತೇನೆ. ಮಾಂಟ್ ಬ್ಲಾಂಕ್, ಸಾಂಟಿಯಾಗೊ ಎರಡೂ ಪ್ರಯಾಣ ಹೇಗೆ ನಡೆಯಿತು ಅನ್ನುವುದನ್ನು ತೀರ್ಮಾನಿಸಿದ್ದು ಅದೇ.

ಮಾಂಟ್ ಬ್ಲಾಂಕ್ ಸುತ್ತು ಅಂದರೆ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಹಾದು ಹೊರಟಲ್ಲಿಗೇ ಬಂದು ಸೇರುವ ಸುಮಾರು 170 ಕಿ.ಮೀ. ದಾರಿ. ಒಟ್ಟು ಏರಿಕೆ 10,000 ಮೀಟರ್ ಹತ್ತಿರ. ಕುಕ್ಕೆಯಿಂದ ಕುಮಾರಪರ್ವತ ಹತ್ತಿದವರಿಗೆ 1,500 ಮೀಟರ್ ಏರಿದರೆ ಕಾಲಿಗೆ ಏನಾಗುತ್ತೆ ಅಂತ ಗೊತ್ತು. ಇಲ್ಲಿ ದಿನಕ್ಕೆ ಸಾವಿರದ ಲೆಕ್ಕ, ಆದರೆ ಹತ್ತು ದಿನ ಬಿಡುವಿಲ್ಲ. ಏರಿದ್ದಷ್ಟನ್ನೂ ಇಳಿಯಲೂ ಬೇಕು. ಅಕ್ಕನ ಮಂಡಿಗೆ ಕಷ್ಟವಾಗಿದ್ದು ಇಳಿಜಾರಿನಲ್ಲೇ. ಎರಡು ಊರುಗೋಲು ಇಲ್ಲದಿದ್ದರೆ ಮೂರನೇ ದಿನಕ್ಕೇ ನಿಲ್ಲಿಸಬೇಕಾಗಿತ್ತು.

ಗಡಿ ದಾಟುವುದು ದೊಡ್ಡ ಸಂಗತಿ ಅಂದುಕೊಂಡಿದ್ದೆ. 2,516 ಮೀಟರ್ ಎತ್ತರದ ಕೋಲ್ ದ ಲಾ ಸೆಯ್ನ್ ಘಾಟಿಯ ನೆತ್ತಿಯಲ್ಲಿ ಫ್ರಾನ್ಸ್ ಮುಗಿದು ಇಟಲಿ ಶುರುವಾಗುತ್ತೆ. ಅಲ್ಲಿ ಗೇಟಿಲ್ಲ, ಪೊಲೀಸರಿಲ್ಲ. ಎದುರು ಬಂದವರು "ಬೊಂಜೂರ್" ಬಿಟ್ಟು "ಬೊಂಜೋರ್ನೊ" ಅಂದರು, ಅಷ್ಟೇ.

ಬೆಟ್ಟದ ತಂಗುಮನೆಗಳನ್ನು ಅಲ್ಲಿ ರಿಫ್ಯೂಜ್ ಅನ್ನುತ್ತಾರೆ. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಅವರ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು. ಬಿಸಿನೀರಿಗೆ ಒಂದು ಟೋಕನ್ ಕೊಡುತ್ತಾರೆ, ಕೆಲವು ನಿಮಿಷ ನೀರು ಬಂದು ನಿಂತೇಬಿಡುತ್ತೆ. ಏಳು ಗಂಟೆಗೆ ಎಲ್ಲರೂ ಒಂದೇ ಉದ್ದನೆಯ ಮೇಜಿಗೆ ಊಟಕ್ಕೆ. ಸಸ್ಯಾಹಾರ ಬೇಕಾದರೆ ಬುಕ್ ಮಾಡುವಾಗಲೇ ಬರೆಯಬೇಕು. ಬರೆದಿದ್ದರಿಂದ ನಮಗೆ ಚೀಸ್ ಹಾಕಿದ ಬಿಸಿ ಪೊಲೆಂಟಾ ಸಿಕ್ಕಿತು. ಮೆಕ್ಕೆಜೋಳದ ಮುದ್ದೆ ಅನ್ನಿ. ಊಟ, ತಿಂಡಿ, ಹಾಸಿಗೆ ಸೇರಿ ತಲೆಗೆ 70 ಯೂರೋ ಆಸುಪಾಸು ಕೊಟ್ಟೆವು. ಆ ಎತ್ತರದಲ್ಲಿ ಅದು ಹೆಚ್ಚು ಅನ್ನಿಸಲಿಲ್ಲ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಷ್ಟೇ ಅಲ್ಲಿ ನಡೆಯುವ ಕಾಲ. ಹಾಸಿಗೆಗಳು ಚಳಿಗಾಲದಲ್ಲೇ ತುಂಬಿಹೋಗುತ್ತವೆ. ಹತ್ತೂ ರಾತ್ರಿಯನ್ನು ಸರಪಳಿಯಂತೆ ಜೋಡಿಸಿಟ್ಟಿದ್ದೆವು. ಕುರ್ಮಾಯೋರ್ ಊರಿನಲ್ಲಿ ಬೆಳಿಗ್ಗೆ ಎದ್ದರೆ ಗುಡುಗು, ಸಿಡಿಲು. ಸಿಡಿಲಿನಲ್ಲಿ ಬಯಲು ಬೆಟ್ಟ ಹತ್ತಬಾರದು ಅಂತ ಊರಿನವರೇ ಹೇಳಿದರು. ಒಂದು ದಿನ ನಿಂತೆವು. ಮುಂದಿನ ತಂಗುಮನೆಯ ದುಡ್ಡು ಹೋಯಿತು. ಅದಾದರೂ ಪರವಾಗಿಲ್ಲ, ಅದರ ಮಾರನೆಯ ರಾತ್ರಿಯ ಹಾಸಿಗೆ ತಪ್ಪಬಾರದು ಅಂತ ಫೆರೆ ಕಣಿವೆಯ ಮೇಲ್ದಾರಿ ಬಿಟ್ಟು ಅರ್ಪ್‌ನೂವಾದವರೆಗೆ ಬಸ್ಸು ಹತ್ತಿದೆವು. ಗ್ರಾಂಡ್ ಜೊರಾಸ್ ಶಿಖರಗಳನ್ನು ಎದುರಿಗಿಟ್ಟುಕೊಂಡು ನಡೆಯುವ ದಾರಿ ಅದು. ನಾವು ಬಸ್ಸಿನ ಕಿಟಕಿಯಿಂದ ನೋಡಿದ್ದು ಮಂಜು ಮಾತ್ರ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತೆ.

ಪೋರ್ಟೊದಿಂದ ಒಳನಾಡಿನ ದಾರಿಯಲ್ಲಿ ಸಾಂಟಿಯಾಗೊಗೆ ಸುಮಾರು 240 ಕಿ.ಮೀ. ದೂರ ಜಾಸ್ತಿ, ಕಷ್ಟ ಕಡಿಮೆ. ಲಬ್ರೂಜಾ ಬೆಟ್ಟವೊಂದೇ ಹೇಳಿಕೊಳ್ಳುವ ಏರು, ಅದೂ 400 ಮೀಟರ್ ಎತ್ತರದ್ದು. ಹಾಗಂತ ಪಾದಕ್ಕೆ ಸುಖವಿಲ್ಲ. ಪೋರ್ಟೊ ಬಿಡುವ ಮೊದಲ ದಿನ ಬರೀ ಡಾಂಬರು, ಆಮೇಲೆ ಮೈಲಿಗಟ್ಟಲೆ ಕಲ್ಲುಹಾಸು. ಮೆತ್ತನೆ ಅಟ್ಟೆಯ ಶೂ ಹಾಕಿಕೊಂಡು ಹೋಗಿ, ಬೆಟ್ಟದ ಬೂಟು ಬೇಡ. ಪೊಂಟ್ ಡಿ ಲಿಮಾ ಮುಟ್ಟುವಷ್ಟರಲ್ಲಿ ಅಕ್ಕನ ಹಿಮ್ಮಡಿಯ ಬೊಬ್ಬೆ ಒಡೆದಿತ್ತು.

"ಅಕ್ಕಾ, ನಾಳೆ ನಡೆಯೋದು ಬೇಡ."

"ಬುಕಿಂಗ್ ಕಥೆ ಏನೇ?"

ಫೋನ್ ಮಾಡಿದೆ. ಹೆಚ್ಚಿನ ಖಾಸಗಿ ತಂಗುಮನೆಯವರು ಒಂದು ದಿನ ಮುಂದಕ್ಕೆ ಹಾಕಿಕೊಟ್ಟರು. ಜಾಗ ಸಿಗದ ಎರಡು ರಾತ್ರಿಗೆ ಸರ್ಕಾರಿ ಅಲ್ಬೆರ್ಗೆ, ಅಂದರೆ ಯಾತ್ರಿನಿವಾಸ, ಇತ್ತು. ಅಲ್ಲಿ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಹಾಸಿಗೆ. ಸ್ಪೇನಿನ ಕಡೆ ನಾವು ಕೊಟ್ಟದ್ದು 10 ಯೂರೋ. ಒಂದು ದಿನ ಪೂರ್ತಿ ಲಿಮಾ ನದಿಯ ದಡದಲ್ಲಿ ಕೂತೆವು. ಪ್ರಯಾಣ ಎಲ್ಲೂ ಮುರಿಯಲಿಲ್ಲ.

ಇಲ್ಲಿ ಗಡಿಗೆ ಒಂದು ಅರ್ಥವಿದೆ. ವಲೆನ್ಸಾ ಕೋಟೆಯಿಂದ ಇಳಿದು, 1886ರಲ್ಲಿ ಸಂಚಾರಕ್ಕೆ ತೆರೆದ ಕಬ್ಬಿಣದ ಸೇತುವೆಯ ಮೇಲೆ ಮಿನ್ಯೊ ನದಿ ದಾಟಿದರೆ ಸ್ಪೇನಿನ ತುಯಿ. ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯುತ್ತೆ. ಹನ್ನೆರಡೂವರೆಗೆ ಸೇತುವೆ ಹತ್ತಿದ ನಾವು ಆ ಕಡೆ ಇಳಿದಾಗ ಒಂದೂವರೆ ದಾಟಿತ್ತು. ಯಾತ್ರಿನಿವಾಸದ ಬಾಗಿಲು ಒಂದು ಗಂಟೆಗೇ ತೆಗೆದಿದ್ದರು. ಹೊರಗೆ ಇನ್ನೂ ಬ್ಯಾಗುಗಳ ಸಾಲಿತ್ತು. ಜನ ನೆರಳಲ್ಲಿ, ಅವರ ಸರದಿ ಕಾಯುತ್ತಿದ್ದದ್ದು ಬ್ಯಾಗು. ನಮ್ಮ ಎರಡನ್ನೂ ಕೊನೆಗಿಟ್ಟೆವು. ಹಾಸಿಗೆ ಸಿಕ್ಕಿತು. ಯಾತ್ರೆಯ ಪ್ರಮಾಣಪತ್ರ ಬೇಕಿದ್ದವರಿಗೆ ಕೊನೆಯ 100 ಕಿ.ಮೀ. ನಡೆದಿರಬೇಕು, ಆ ಭಾಗದಲ್ಲಿ ಯಾತ್ರಿಯ ಪುಸ್ತಕಕ್ಕೆ ದಿನಕ್ಕೆ ಎರಡು ಮುದ್ರೆ ಹಾಕಿಸಿಕೊಂಡಿರಬೇಕು. ಹಾಗಾಗಿ ರಜೆ ಕಡಿಮೆ ಇರುವವರು ತುಯಿಯಿಂದಲೇ ಹೊರಡುತ್ತಾರೆ.

ಬೆಂಗಳೂರಿನಿಂದ ಹೋಗುವವರಿಗೆ ವೀಸಾದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತೆ. ಯೂರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಅರ್ಜಿಗೆ ಎಲ್ಲಿ ತಂಗುತ್ತೀರಿ ಅನ್ನುವುದಕ್ಕೆ ದಾಖಲೆ ಬೇಕು. ಮಾಂಟ್ ಬ್ಲಾಂಕಿನಲ್ಲಿ ಅದು ತಾನಾಗಿಯೇ ಕೈಯಲ್ಲಿರುತ್ತೆ. ಸಾಂಟಿಯಾಗೊ ದಾರಿಯಲ್ಲಿ ಸರ್ಕಾರಿ ಯಾತ್ರಿನಿವಾಸ ನಂಬಿಕೊಂಡರೆ ತೋರಿಸಲು ಏನೂ ಇರುವುದಿಲ್ಲ. ಅದಕ್ಕೇ ನಾವು ತಾರೀಖು ಬದಲಿಸಲು ಬಿಡುವ ಖಾಸಗಿ ತಂಗುಮನೆಗಳನ್ನು ಹುಡುಕಿ ಬುಕ್ ಮಾಡಿದ್ದು. ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಇರುವ ದೇಶಕ್ಕೆ, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಜಿನೀವಾದಲ್ಲಿ ಇಳಿದು ಮಾಂಟ್ ಬ್ಲಾಂಕಿಗೆ ಹೋಗುವವರು ರಾತ್ರಿಗಳನ್ನು ದೇಶವಾರು ಎಣಿಸಿಕೊಂಡೇ ಅರ್ಜಿ ತುಂಬಿ.

ಇನ್ನು ನಾವು ಆರು ದಿನ ನಡೆದ ಆಲ್ಪೆ ಆಡ್ರಿಯಾ ದಾರಿ. ಆಸ್ಟ್ರಿಯಾದಲ್ಲಿ ಗ್ರೋಸ್‌ಗ್ಲೋಕ್ನರ್ ಪರ್ವತದ ಬುಡದಿಂದ ಇಟಲಿಯ ಕಡಲಿನವರೆಗೆ ಸುಮಾರು 750 ಕಿ.ಮೀ., 43 ಹಂತ. ನಾವು ನಡೆದದ್ದು ಸ್ಲೊವೇನಿಯಾದ ಕ್ರಾನ್ಸ್ಕಾ ಗೋರಾದಿಂದ ಇಟಲಿಯ ಚಿವಿದಾಲೆವರೆಗೆ ಮಾತ್ರ, ಹಾಗಾಗಿ ಪೂರ್ತಿ ತೀರ್ಪು ಕೊಡಲಾರೆ. ವ್ರ್ಶಿಚ್ ಘಾಟಿಯ ರಸ್ತೆಯನ್ನು ಮೊದಲ ಮಹಾಯುದ್ಧದಲ್ಲಿ ಕಟ್ಟಿದವರು ರಷ್ಯಾದ ಯುದ್ಧಕೈದಿಗಳು. 1916ರ ಹಿಮಕುಸಿತದಲ್ಲಿ ಸತ್ತ ಜೊತೆಗಾರರಿಗಾಗಿ ಅವರು ಕಟ್ಟಿದ ಮರದ ಚಿಕ್ಕ ಪ್ರಾರ್ಥನಾಮಂದಿರದ ಮುಂದೆ ಅಕ್ಕ ಬಹಳ ಹೊತ್ತು ನಿಂತಿದ್ದಳು. ಕೆಳಗೆ ಸೋಚಾ ನದಿ, ಪಾಚಿಹಸಿರಲ್ಲ, ಗಾಜಿನ ಹಸಿರು. ಮೂರರಲ್ಲಿ ಜನ ಕಡಿಮೆ ಇದ್ದದ್ದು ಇಲ್ಲೇ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ, ನನ್ನ ಆಯ್ಕೆ ಪೋರ್ಟೊ ದಾರಿಯೇ. ಮಾಂಟ್ ಬ್ಲಾಂಕೇ ಬೇಕು ಅನ್ನುವವರು ಕುರ್ಮಾಯೋರಿನಲ್ಲಿ ಎರಡು ರಾತ್ರಿ ಬುಕ್ ಮಾಡಿ. ಆಕಾಶ ತಿಳಿಯಾಗಿದ್ದರೆ ಎರಡನೇ ದಿನ ಮೇಲ್ದಾರಿಯಲ್ಲಿ ನಡೆದು, ಅರ್ಪ್‌ನೂವಾಗೆ ಇಳಿದು, ಬಸ್ಸಿನಲ್ಲಿ ಅದೇ ಹಾಸಿಗೆಗೆ ವಾಪಸ್ ಬರಬಹುದು. ಮಾರನೆಯ ಬೆಳಿಗ್ಗೆ ಬಸ್ಸಿನಲ್ಲೇ ಅಲ್ಲಿಗೆ ಹೋಗಿ ಸ್ವಿಟ್ಜರ್ಲೆಂಡಿನ ಕಡೆ ಹತ್ತಿದರಾಯಿತು. ಅಕ್ಕ ಮುಂದಿನ ಜುಲೈಗೆ ಹಾಗೇ ಬರೆದಿಟ್ಟಿದ್ದಾಳೆ.