'ಮಿಂಚು ಸಿಗದಿದ್ದರೆ ಹಣ ವಾಪಸ್' ಎನ್ನುವವರನ್ನು ನಂಬಬೇಡಿ

ಮಿಂಚಿನ ಫೋಟೋ ತೆಗೆಯುವುದನ್ನು ಕಲಿಸುತ್ತೇವೆ ಎಂದು ಬೆಂಗಳೂರಿನಿಂದ ಜನರನ್ನು ಬೆಟ್ಟಗುಡ್ಡಗಳಿಗೆ ಕರೆದೊಯ್ಯುವ ಒಂದು ದಿನದ ಕಾರ್ಯಾಗಾರಕ್ಕೆ ಕಳೆದ ಮೇ ತಿಂಗಳಲ್ಲಿ ನಾನು ತಲಾ 6,500 ರೂಪಾಯಿಯಂತೆ ಇಬ್ಬರಿಗೆ 13,000 ರೂಪಾಯಿ ಕಟ್ಟಿದೆ. ಮಿಂಚಿದ ಕೂಡಲೇ ಕ್ಯಾಮೆರಾವನ್ನು ತಾನೇ ಕ್ಲಿಕ್ಕಿಸುವ ಸಾಧನವಾದ ಟ್ರಿಗರ್‌ನ ಬಾಡಿಗೆ ಎಂದು ಬೇರೆ 1,500 ರೂಪಾಯಿ ಕೊಟ್ಟೆ. ಹಣ ಹೋದದ್ದು ಒಂದು ಕಡೆಗಿರಲಿ. ಹದಿನೇಳು ವರ್ಷದ ನನ್ನ ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ, ಆಕಾಶ ಗುಡುಗುತ್ತಿರುವಾಗ ಬೋಳು ಬಂಡೆಯ ಮೇಲೆ ಅರ್ಧ ಗಂಟೆ ನಿಲ್ಲಿಸಿದೆನಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಸ್ಥಿರವಿದ್ಯುತ್ತಿನ ಅಧ್ಯಾಯವನ್ನು ಪ್ರತಿ ವರ್ಷ ಕಲಿಸುವವಳು. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಆಯೋಜಕ ಈ ವರ್ಷದ ಭರಣಿ ಮಳೆಗೆ ಮತ್ತೆ ಜಾಹೀರಾತು ಹೊರಡಿಸಿದ್ದಾನೆ, ಮತ್ತು ಆ ಜಾಹೀರಾತಿನಲ್ಲಿರುವ ಚಿತ್ರ ನಮ್ಮ ಹುಡುಗ ತೆಗೆದದ್ದು.

ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಇದ್ದದ್ದು 'ಮಿಂಚು ಸಿಗದಿದ್ದರೆ ಪೂರ್ತಿ ಹಣ ವಾಪಸ್' ಎಂಬ ಸಾಲು. ಇಂಥ ಕಾರ್ಯಾಗಾರಗಳಲ್ಲಿ ಹಕ್ಕಿಯೋ ನಕ್ಷತ್ರವೋ ಕಾಣದಿದ್ದರೆ ಯಾರೂ ಹಣ ಹಿಂದಿರುಗಿಸುವುದಿಲ್ಲ ಎಂಬುದು ಹೋಗಿ ಬಂದವರಿಗೆಲ್ಲ ಗೊತ್ತು; ಹಾಗಾಗಿ ಇಷ್ಟು ಧೈರ್ಯವಾಗಿ ಬರೆದುಕೊಂಡವನು ಪ್ರಾಮಾಣಿಕನೇ ಇರಬೇಕು ಎಂದು ನಾನು ಭಾವಿಸಿದೆ. ಅದೊಂದು ಸಾಲೇ ನಮ್ಮನ್ನು ಬಂಡೆಯ ಮೇಲೆ ಕಟ್ಟಿಹಾಕಲಿದೆ ಎಂದು ಆಗ ಹೊಳೆಯಲಿಲ್ಲ.

ಕೊರಟಗೆರೆ ದಾಟಿ ಮಧುಗಿರಿ ಕಡೆಯ ಒಂದು ಕಲ್ಲುಗುಡ್ಡ. ರಸ್ತೆಯಿಂದ ಹತ್ತು ಹದಿನೈದು ನಿಮಿಷದ ಏರು. ಮರ ಬಿಡಿ, ಮೊಣಕಾಲೆತ್ತರದ ಗಿಡವೂ ಇಲ್ಲದ ಬೋಳು ಬಂಡೆ. ನಾವು ಒಂಬತ್ತು ಜನ ಟ್ರೈಪಾಡ್ ಹೊತ್ತು ಹತ್ತುತ್ತಿದ್ದಾಗ ವಯಸ್ಸಾದ ಕುರಿಗಾಹಿಯೊಬ್ಬರು ಮಂದೆಯನ್ನು ಕೆಳಕ್ಕೆ ಹೊಡೆದುಕೊಂಡು ಬರುತ್ತಿದ್ದರು. ಬಡಗಣ ಮೋಡವನ್ನು ತೋರಿಸಿ, "ಯಾಕ್ ತಾಯಿ, ಗುಡುಗಾಕಾಗ ಬಂಡೆ ಮ್ಯಾಲೆ ಏನ್ ಕೆಲ್ಸ? ನಾನೇ ಕುರಿ ಇಳುಸ್ಕೊಂಡು ಓಯ್ತಿವ್ನಿ, ನೀವು ಅತ್ತುತಿದ್ದೀರಲ್ಲ" ಎಂದರು. ಆಯೋಜಕ ನಗುತ್ತಾ, ನಮ್ಮ ಟ್ರೈಪಾಡ್‌ಗಳೆಲ್ಲ ಕಾರ್ಬನ್ ಫೈಬರ್, ಕಾಲಿಗೆ ರಬ್ಬರ್ ಇದೆ, ಭಯವಿಲ್ಲ ಎಂದು ಅವರಿಗೆ ಉತ್ತರ ಕೊಟ್ಟ. ಕಾರ್ಬನ್ ಫೈಬರಿನಲ್ಲೂ ವಿದ್ಯುತ್ತು ಹರಿಯುತ್ತದೆ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬರುವ ಸಿಡಿಲಿಗೆ ಬೆರಳುದ್ದದ ರಬ್ಬರ್ ಯಾವ ಲೆಕ್ಕ? ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ಜನರ ನಡುವೆ ತಕರಾರು ತೆಗೆಯುವವಳು ನಾನೊಬ್ಬಳೇ ಆಗಬಾರದೆಂದು ಸುಮ್ಮನಾದೆ. ಆ ಹಿರಿಯರ ಮಾತಿಗೆ ತಲೆಬಾಗಿ ಅಲ್ಲಿಂದಲೇ ಹಿಂದಿರುಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮೇಲೆ ತಲುಪಿದ ಮೇಲೆ ಆತ ಎಲ್ಲರ ಕ್ಯಾಮೆರಾಗೂ ಟ್ರಿಗರ್ ಸಿಕ್ಕಿಸಿ, ಫೋಕಸ್ಸನ್ನು ಕೈಯಿಂದಲೇ ದೂರಕ್ಕೆ ಇಟ್ಟು, ಬೆಳಕಿನ ಸೂಕ್ಷ್ಮತೆ (ಐಎಸ್‌ಒ) 100, ಬೆಳಕನ್ನು ಒಳಬಿಡುವ ಶಟರ್ ತೆರೆದಿರುವುದು ಕಾಲು ಸೆಕೆಂಡು ಎಂದು ಹೊಂದಿಸಿ, ಎಲ್ಲರಿಗೂ ಚಹಾ ತರುವುದಾಗಿ ಹೇಳಿ ಕೆಳಗಿಳಿದ. ಒಬ್ಬ ಸಹಾಯಕ ಹುಡುಗನನ್ನು ಬಿಟ್ಟು ಹೋದ. ಪಾಪ, ಅವನಿಗೆ ಕ್ಯಾಮೆರಾದ ಬಗ್ಗೆ ಏನೂ ಗೊತ್ತಿರಲಿಲ್ಲ. ಗಂಟೆ ಐದೂವರೆ, ಇನ್ನೂ ಬೆಳಕಿತ್ತು. ಹಗಲಿನಲ್ಲಿ ಮಿಂಚು ಹಿಡಿಯಲು ಟ್ರಿಗರ್ ಬೇಕಾಗುವುದು ನಿಜ. ಮನುಷ್ಯ ಕಂಡು ಬೆರಳೊತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡು ಕಳೆದಿರುತ್ತದೆ, ಮಿಂಚು ಬಹುಪಾಲು ಅಷ್ಟರಲ್ಲೇ ಮುಗಿದಿರುತ್ತದೆ. ಆದರೆ ಒಂದು ಮಿಂಚಿನಲ್ಲಿ ಸಾಮಾನ್ಯವಾಗಿ ಅದೇ ಹಾದಿಯಲ್ಲಿ ಮೂರು ನಾಲ್ಕು ಹೊಡೆತಗಳು ಒಂದರ ಹಿಂದೊಂದು ಹರಿಯುತ್ತವೆ. ನಿಜವಾದ ಟ್ರಿಗರ್ ಮೊದಲ ಹೊಳಪನ್ನು ಗುರುತಿಸಿ ತಕ್ಷಣ ಶಟರ್ ತೆರೆಸುವುದರಿಂದ ಉಳಿದ ಹೊಡೆತಗಳು ಚಿತ್ರದಲ್ಲಿ ಸಿಗುತ್ತವೆ. ಮಿಂಚದಿದ್ದರೆ ಅದು ಸುಮ್ಮನಿರಬೇಕು.

ನನ್ನದು ಸುಮ್ಮನಿರಲಿಲ್ಲ. ಕ್ಲಿಕ್. ಸ್ವಲ್ಪ ಬಿಟ್ಟು ಕ್ಲಿಕ್. ಮಿಂಚಿದರೂ ಕ್ಲಿಕ್, ಮಿಂಚದಿದ್ದರೂ ಕ್ಲಿಕ್. ಪಕ್ಕದವರ ಕ್ಯಾಮೆರಾವೂ ಗೋಡೆ ಗಡಿಯಾರದ ಹಾಗೆ ಅದೇ ಲಯದಲ್ಲಿ ಬಡಿಯುತ್ತಿತ್ತು. ಸಹಾಯಕನನ್ನು ಕೇಳಿದರೆ, "ಕಣ್ಣಿಗೆ ಕಾಣದ ಮಿಂಚನ್ನೂ ಅದು ಹಿಡಿಯುತ್ತೆ ಅಂತ ಸರ್ ಹೇಳಿದ್ದಾರೆ" ಎಂದ. ಮೋಡದೊಳಗಿನ ಮಿಂಚು ಕೆಲವೊಮ್ಮೆ ಕಣ್ಣಿಗೆ ಬೀಳುವುದಿಲ್ಲವಲ್ಲ, ಇರಬಹುದು ಎಂದು ನಾನು ನಂಬಿದೆ! ಮಕ್ಕಳು ಕೊಡುವ ಉತ್ತರಗಳನ್ನು ದಿನವೂ ಪ್ರಶ್ನಿಸುವ ನಾನು ಅದನ್ನು ನಂಬಿದೆ.

ಅಷ್ಟರಲ್ಲಿ ಹುಡುಗ ಮಿಂಚಿಗೂ ಗುಡುಗಿಗೂ ನಡುವೆ ಎಣಿಸತೊಡಗಿದ್ದ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು ಎಂದು ನಾನೇ ಹೇಳಿಕೊಟ್ಟಿದ್ದು. ಮೊದಲು 40 ಇತ್ತು, ನಂತರ 21 ಆಯಿತು. ಎಣಿಕೆ 30ಕ್ಕಿಂತ ಕಡಿಮೆಯಾದರೆ, ಅಂದರೆ ಮಿಂಚು 10 ಕಿಲೋಮೀಟರ್ ಒಳಗೆ ಬಂದರೆ, ಬಯಲಿನಲ್ಲಿ ನಿಲ್ಲಬಾರದು. ನಾನು ಆಯೋಜಕನಿಗೆ ಫೋನ್ ಮಾಡಿದೆ. "ಮೇಡಂ, ಈಗ ಇಳಿದರೆ ಎಲ್ಲರಿಗೂ ನಷ್ಟ, ಇನ್ನು ಹತ್ತೇ ನಿಮಿಷ ತಡೆಯಿರಿ, ಒಳ್ಳೆಯ ಶಾಟ್ ಸಿಗುವುದೇ ಈಗ" ಎಂದ. ಹತ್ತು ನಿಮಿಷ ತಡೆದೆವು. "ಚಿಕ್ಕಮ್ಮಾ, ಒಂಬತ್ತು" ಎಂದು ಹುಡುಗ ಹೇಳಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂಬತ್ತು ಎಂದರೆ 3 ಕಿಲೋಮೀಟರ್. ಮತ್ತೆ ಫೋನ್ ಮಾಡಿದೆ. "ಮೂರು ಕಿಲೋಮೀಟರ್ ದೂರವೇ ಆಯಿತಲ್ಲ ಮೇಡಂ" ಎಂದ. ಒಂದು ಮಿಂಚಿಗೂ ಮುಂದಿನದಕ್ಕೂ ನಡುವೆ ಅಷ್ಟು ದೂರ ಇರುವುದು ಏನೂ ವಿಶೇಷವಲ್ಲ. ಮುಂದಿನದು ನಮ್ಮ ಮೇಲೆಯೇ ಬೀಳಬಹುದಿತ್ತು. ಟ್ರೈಪಾಡನ್ನು ಅಲ್ಲೇ ಬಿಟ್ಟು, ಕ್ಯಾಮೆರಾ ಕಿತ್ತುಕೊಂಡು, ಹುಡುಗನ ಕೈ ಹಿಡಿದು ಇಳಿದೆ. ಉಳಿದವರೂ ಹಿಂದೆಯೇ ಬಂದರು. ಅಷ್ಟರಲ್ಲಿ ದಪ್ಪ ಹನಿ ಶುರುವಾಗಿ, ನೆನೆದ ಬಂಡೆಯಲ್ಲಿ ಒಬ್ಬರು ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡರು.

ಕೆಳಗೆ ಬಂದಾಗ ಆತ ಎಲ್ಲಿದ್ದ ಗೊತ್ತೆ? ಗಾಜು ಪೂರ್ತಿ ಏರಿಸಿಕೊಂಡು ಕಾರಿನೊಳಗೆ ಕುಳಿತಿದ್ದ. ಚಹಾದ ಫ್ಲಾಸ್ಕು ಪಕ್ಕದ ಸೀಟಿನಲ್ಲಿತ್ತು. ಸಿಡಿಲಿನ ಹೊತ್ತಿನಲ್ಲಿ ಲೋಹದ ಮೈಯಿರುವ, ಮುಚ್ಚಿದ ಕಾರು ಸುರಕ್ಷಿತ ಎಂಬುದು, ಆ ಲೋಹದ ಮೈಯೇ ವಿದ್ಯುತ್ತನ್ನು ಹೊರಗಿನಿಂದ ನೆಲಕ್ಕೆ ಸಾಗಿಸುತ್ತದೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ತನಗಾಗಿ ಗೊತ್ತಿತ್ತು. ನಮಗೆ ಹೇಳಲಿಲ್ಲ. ಮೋಸಹೋದೆ ಎಂದು ನನಗೆ ಖಚಿತವಾದದ್ದು ಆ ಗಾಜಿನಾಚೆಯ ಮುಖವನ್ನು ಕಂಡಾಗ.

ಮಳೆ ಬಿಡುವವರೆಗೆ ನಮ್ಮ ಕಾರಿನಲ್ಲೇ ಕುಳಿತೆವು. ಏಳು ಗಂಟೆಯ ನಂತರ ಕತ್ತಲಾದಾಗ ಮೋಡ ದೂರ ಸರಿದಿತ್ತು. ಹುಡುಗ ನನ್ನ ಶಾಲನ್ನು ಮಡಚಿ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಯಾವ ಟ್ರಿಗರೂ ಇಲ್ಲದೆ, ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು, ಒಂದೊಂದು ಚಿತ್ರಕ್ಕೆ 15 ಸೆಕೆಂಡಿನಂತೆ ಶಟರ್ ತೆರೆದಿಟ್ಟ. ಹನ್ನೊಂದನೆಯದರಲ್ಲಿ ದೂರದ ಗುಡ್ಡದ ಮೇಲೆ ಬೇರು ಬಿಟ್ಟಂತೆ ಇಳಿದ ಒಂದು ಮಿಂಚು ಸಿಕ್ಕಿತು. ಕತ್ತಲಲ್ಲಿ ಮಿಂಚು ಹಿಡಿಯಲು ಬೇಕಾದದ್ದು ಇಷ್ಟೇ. ಮಗುವಿನ ಖುಷಿಗೆಂದು ಆ ಚಿತ್ರವನ್ನು ನಾನೇ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮರುದಿನ ಮನೆಯಲ್ಲಿ ಬಂಡೆಯ ಮೇಲಿನ ಫೈಲುಗಳನ್ನು ತೆರೆದೆ. 412 ಚಿತ್ರಗಳಲ್ಲಿ ಒಂದರಲ್ಲೂ ಮಿಂಚಿಲ್ಲ. ಪ್ರತಿ ಫೈಲಿನಲ್ಲಿ ದಾಖಲಾಗಿರುವ ಸಮಯ ನೋಡಿದೆ: ಮೊದಲಿನಿಂದ ಕೊನೆಯವರೆಗೆ ಸರಿಯಾಗಿ 4 ಸೆಕೆಂಡಿಗೊಂದು. ಅದು ಟ್ರಿಗರ್ ಅಲ್ಲವೇ ಅಲ್ಲ. ನಿಗದಿತ ಅಂತರದಲ್ಲಿ ಶಟರ್ ಒತ್ತುವ ಟೈಮರ್. ಪ್ರತಿ 4 ಸೆಕೆಂಡಿನಲ್ಲಿ ಕಾಲು ಸೆಕೆಂಡು ಮಾತ್ರ ತೆರೆದಿತ್ತು, ಅಂದರೆ ಹದಿನಾರರಲ್ಲಿ ಹದಿನೈದು ಪಾಲು ಹೊತ್ತು ಕ್ಯಾಮೆರಾ ಕುರುಡಾಗಿತ್ತು. ಎಷ್ಟು ಹೆಚ್ಚು ಹೊತ್ತು ನಿಲ್ಲಿಸಿದರೆ ಅಷ್ಟು ಅದೃಷ್ಟ. ಯಾರ ಚಿತ್ರದಲ್ಲಾದರೂ ಒಂದು ಮಿಂಚು ಸಿಕ್ಕರೆ ಹಣ ವಾಪಸ್ ಕೊಡಬೇಕಿಲ್ಲ. ಹತ್ತು ನಿಮಿಷ, ಇನ್ನು ಹತ್ತು ನಿಮಿಷ ಎಂದದ್ದು ಅದಕ್ಕೇ.

ಹಣ ಕೇಳಿ ಸಂದೇಶ ಕಳಿಸಿದೆ. ಬಂದ ಉತ್ತರ: "ಮೇಡಂ, ನಿಮ್ಮ ಹುಡುಗನಿಗೆ ಮಿಂಚು ಸಿಕ್ಕಿದೆ, ನೀವೇ ಗುಂಪಿನಲ್ಲಿ ಹಾಕಿದ್ದೀರಿ. ಹಾಗಾಗಿ ರೀಫಂಡ್ ಬರುವುದಿಲ್ಲ." ಅದು ಕಾರಿನೊಳಗೆ, ನಿಮ್ಮ ಸಹಾಯವಿಲ್ಲದೆ ತೆಗೆದದ್ದು ಎಂದೆ. "ಕಾರ್ಯಾಗಾರದ ಅವಧಿಯಲ್ಲೇ ತೆಗೆದದ್ದಲ್ಲವೇ?" ಟ್ರಿಗರ್ ಸುಳ್ಳು ಎಂದು ಸಮಯದ ಪಟ್ಟಿ ಕಳಿಸಿದೆ. "ಸೆಟ್ಟಿಂಗ್ ನೀವು ಬದಲಾಯಿಸಿರಬೇಕು." 2021ರ ಜುಲೈ 11ರಂದು ಜೈಪುರದ ಅಂಬೇರ್ ಕೋಟೆಯ ಎದುರಿನ ಕಾವಲು ಗೋಪುರದಲ್ಲಿ ಸಿಡಿಲಿಗೆ 11 ಜನ ಸತ್ತದ್ದನ್ನು, ಅವರಲ್ಲಿ ಹಲವರು ಸೆಲ್ಫಿಗೆಂದು ಹತ್ತಿದವರು ಎಂಬುದನ್ನು ನೆನಪಿಸಿದೆ. "ಅದು ಗೋಪುರ, ಇದು ಬಂಡೆ" ಎಂದ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 2,887 ಜನ ಸಿಡಿಲಿಗೆ ಬಲಿಯಾಗಿದ್ದಾರೆ ಎಂದು ಬರೆದೆ. ಅದಕ್ಕೆ ಆತ ಬರೆದದ್ದನ್ನು ಅಕ್ಷರ ಬದಲಿಸದೆ ಕೊಡುತ್ತೇನೆ: "ಅವರೆಲ್ಲ ಹೊಲದಲ್ಲಿದ್ದ ಕೂಲಿಯವರು ಮೇಡಂ." ಇದನ್ನು ಓದಿ ನನ್ನ ಕೈ ನಡುಗಿತು. ಮರುಕ್ಷಣ ನನ್ನನ್ನು ಗುಂಪಿನಿಂದ ತೆಗೆದುಹಾಕಲಾಯಿತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಕ್ಕನಿಗೆ ಎಲ್ಲವನ್ನೂ ಹೇಳಿದ್ದೇನೆ, ಅದು ದೂರು ಕೊಟ್ಟದ್ದಕ್ಕಿಂತ ಕಷ್ಟವಾಯಿತು.

ಮಿಂಚಿನ ಚಿತ್ರ ಬೇಕೆಂದರೆ ಯಾರಿಗೂ ಹಣ ಕೊಡಬೇಡಿ. ಗುಡುಗು ದೂರವಿರುವಾಗ, ಕತ್ತಲಾದ ಮೇಲೆ, ಮನೆಯ ಕಿಟಕಿಯೊಳಗಿನಿಂದ ಅಥವಾ ಮುಚ್ಚಿದ ಕಾರಿನಿಂದ ತೆಗೆಯಿರಿ. ಸಿಡಿಲಿನ ಬಗ್ಗೆ ಎಚ್ಚರಿಸಲು ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಇದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ. ದಾಮಿನಿ ಅವತ್ತು ನನ್ನ ಫೋನಿನಲ್ಲೇ ಇತ್ತು, ನಾನು ತೆರೆದು ನೋಡಲಿಲ್ಲ. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬೇಡಿ.

ಅವತ್ತು ನಮ್ಮೊಂದಿಗಿದ್ದ ಏಳು ಮಂದಿ ಇದನ್ನು ಓದುತ್ತಿದ್ದರೆ, ಒಂದು ಕೋರಿಕೆ. ಆ ಸಂಜೆಯ ಫೈಲುಗಳನ್ನು ಅಳಿಸಬೇಡಿ. ತೆರೆದು ಸಮಯ ನೋಡಿ. ನಿಮ್ಮಲ್ಲೂ 4 ಸೆಕೆಂಡಿಗೊಂದು ಇದ್ದರೆ ನನಗೆ ತಿಳಿಸಿ. ಎಂಟು ಜನರ ಪಟ್ಟಿ ಒಟ್ಟಿಗೆ ಕೊಟ್ಟರೆ, ನಾನು ಸೆಟ್ಟಿಂಗ್ ಬದಲಾಯಿಸಿದೆ ಎಂದು ಹೇಳಲು ಆತನಿಗೆ ಸಾಧ್ಯವಾಗುವುದಿಲ್ಲ.